ಮಾತು ಬಿಟ್ಟವರು

“ಟೀವಿಯಲ್ಲಿ ನಿನ್ನ ಮಾವನ ತಂಗಿಯ ಮುಖ ಬರಬಾರದು. ಏನಾದ್ರೂ ಮಾಡಮ್ಮ,” ಎಂದು ಅತ್ತೆ ಸೊಸೆಯ ಪಕ್ಕ ಬಂದು ಕೂತರು.

ಟೀವಿಯ ಕೆಳಗಿದ್ದ ಸ್ಟೋರೇಜ್ ಪೆಟ್ಟಿಗೆಯಲ್ಲಿ ಇಡೀ ಬಳಗದ ಫೋಟೋಗಳಿದ್ದವು. ಮಾವನ ಅಣ್ಣ, ತಮ್ಮ, ತಂಗಿ ಎಲ್ಲರ ಮನೆಯ ಟೀವಿಗೂ ನೆಟ್‌ವರ್ಕ್ ಮೂಲಕ ಅಲ್ಲಿಂದಲೇ ಫೋಟೋಗಳು ಒಂದರ ಹಿಂದೊಂದು ಬರುತ್ತಿದ್ದವು. ಮಾವನ ತಂಗಿ ಮೊನ್ನೆ ಬಂದವಳು ಅತ್ತೆಯ ಕೂದಲ ಹೊಸ ಬಣ್ಣ ನೋಡಿ, ‘ನಿನ್ನ ಧೈರ್ಯ ಮೆಚ್ಚಬೇಕು’ ಅಂದುಹೋಗಿದ್ದಳು. ಅಲ್ಲಿಂದ ಮಾತುಕತೆ ಬಂದ್.

“ಅಳಿಸಿಬಿಡ್ಲಾ ಅತ್ತೆ?”

“ಅಳಿಸೋದೆಲ್ಲ ಬೇಡ. ನಾಳೆ ಸರಿಹೋದ್ರೆ? ಸದ್ಯಕ್ಕೆ ಬಚ್ಚಿಡು.”

ಪ್ರೋಗ್ರಾಂ ಬರೆಯುವುದೇ ಸೊಸೆಯ ಕಸುಬು. ರಜೆಯ ದಿನ ಕೂತು ಪೆಟ್ಟಿಗೆಗೆ ಒಂದು ಹೊಸ ಮಾಡ್ಯೂಲ್ ಬರೆದು ಜೋಡಿಸಿದಳು. ಫೋನಿನಲ್ಲಿ ಬರುವ ಮುಖಗಳ ಪಟ್ಟಿಯಲ್ಲಿ ಯಾರದಾದರೂ ಮುಖ ಒತ್ತಿದರೆ ಆ ಮುಖವಿರುವ ಫೋಟೋಗಳೆಲ್ಲ ಟೀವಿಯಿಂದ ಮಾಯ. ಮತ್ತೊಮ್ಮೆ ಒತ್ತಿದರೆ ಎಲ್ಲ ವಾಪಸ್. ತಮಾಷೆಗೆ ಅದಕ್ಕೆ ‘ಮಾತು ಬಿಟ್ಟವರು’ ಎಂದು ಹೆಸರಿಟ್ಟಳು. ಬಳಗದಲ್ಲಿ ಯಾರೂ ನಗಲಿಲ್ಲ. ಬದಲಿಗೆ ಎಲ್ಲರೂ ಬಳಸತೊಡಗಿದರು.

ಮಾವನ ತಂಗಿಯ ಬೆನ್ನಿಗೇ ಅತ್ತೆಯೂ ಮಾಯವಾದರು. ಅವಳು ತನ್ನ ಮನೆಯಿಂದಲೇ ಸೇಡು ತೀರಿಸಿಕೊಂಡಿದ್ದಳು.

“ನನ್ನ ಮನೆ ಟೀವಿಯಲ್ಲಿ ನಾನೇ ಇಲ್ವಲ್ಲೇ,” ಎಂದರು ಅತ್ತೆ.

“ಪೆಟ್ಟಿಗೆ ಎಲ್ಲರಿಗೂ ಒಂದೇ ಅಲ್ವಾ ಅತ್ತೆ. ಬೇಕಿದ್ರೆ ಒಂದೊಂದು ಮನೆಗೂ ಬೇರೆ ಬೇರೆ ಮಾಡ್ತೀನಿ.”

“ಅಂದ್ರೆ ಈಗ ಅವಳ ಮನೆ ಟೀವಿಯಲ್ಲೂ ಅವಳಿಲ್ವಾ?”

“ಇಲ್ಲ.”

“ಹಾಗಾದ್ರೆ ಹೀಗೇ ಇರ್ಲಿ.”

ಆಮೇಲೆ ಟೀವಿಯಿಂದ ಮಾವನ ಅಣ್ಣ ದೊಡ್ಡಪ್ಪ ಹೋದರು, ತಮ್ಮನ ಹೆಂಡತಿ ಚಿಕ್ಕಮ್ಮ ಹೋದಳು. ಮಾವನಿಗೆ ಯಾರೊಂದಿಗೂ ಜಗಳವಿರಲಿಲ್ಲ. ‘ಅವನು ಎಲ್ಲರ ಹತ್ತಿರಾನೂ ಮಾತಾಡ್ತಾನೆ’ ಎಂಬ ಸಿಟ್ಟಿಗೆ ಅವರ ತಮ್ಮನೇ ಅವರನ್ನೂ ಒತ್ತಿಬಿಟ್ಟ. ಕೊನೆಗೆ ಅವನನ್ನೂ ಸೇರಿ ಯಾರೂ ಉಳಿಯಲಿಲ್ಲ.

ಮಾವ ಕಾರ್ಖಾನೆಯಿಂದ ನಿವೃತ್ತರಾದ ದಿನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಬರದಿದ್ದರೆ ತಪ್ಪು ತಮ್ಮ ಮೇಲೆ ಬರುತ್ತದೆಂದು ಎಲ್ಲರೂ ಬಂದರು. ಬಂದು ಗೋಡೆಗೊಬ್ಬರಂತೆ ಕೂತರು. ತಟ್ಟೆ, ಚಮಚಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮುಜುಗರ ತಾಳದೆ ಮಾವ ಟೀವಿ ಹಾಕಿದರು. ಇಷ್ಟು ವರ್ಷಗಳ ಫೋಟೋಗಳಲ್ಲಿ ಬಚ್ಚಿಡದೆ ಉಳಿದವು ಶುರುವಾದವು. ಒಂದು ಖಾಲಿ ಮೇಜು. ಗೋಡೆಯ ಪಕ್ಕ ಸಾಲಾಗಿ ಕುರ್ಚಿಗಳು. ಗಾಳಿಗೆ ಉಬ್ಬಿದ ಕಿಟಕಿ ಪರದೆ. ಮತ್ತೆ ಕುರ್ಚಿಗಳು. ಮನುಷ್ಯರೆಂಬುವರಿಲ್ಲ.

ಸೊಸೆ ನಾಚಿಕೆಯಿಂದ ರಿಮೋಟಿಗೆ ಕೈಹಾಕಿದಳು. ಅಷ್ಟರಲ್ಲಿ ಮಾವನ ತಂಗಿ ಯಾರ ಮುಖವನ್ನೂ ನೋಡದೆ, “ಆ ಕಾಲು ಮುರಿದ ಕುರ್ಚಿ ಇನ್ನೂ ಇದೆಯಾ?” ಎಂದಳು.

“ಮಹಡಿ ಮೇಲಿದೆ,” ಎಂದರು ಅತ್ತೆ, ಟೀವಿಗೆ.

“ಅದರಿಂದ ಬಿದ್ದೇ ಅಲ್ವಾ ನನ್ನ ಹಲ್ಲು ಹೋಗಿದ್ದು,” ಎಂದ ಮಾವನ ತಮ್ಮ. ದೊಡ್ಡಪ್ಪ ತಡೆಯಲಾರದೆ ನಕ್ಕರು. ಚಿಕ್ಕಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆ ಪರದೆಯ ಬಟ್ಟೆ ಯಾವ ಅಂಗಡಿಯದು, ಆ ಮೇಜಿನ ಮೇಲೆ ಹಾಲು ಚೆಲ್ಲಿದವರು ಯಾರು ಎಂದು ಮಾತು ಹತ್ತಿಕೊಂಡಿತು. ಅತ್ತೆ ಎದ್ದು ಹೋಗಿ ನಾದಿನಿಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು. ಅವಳು ಬೇಡ ಎನ್ನಲಿಲ್ಲ.

ಸೊಸೆಯ ಕಣ್ಣು ತುಂಬಿಬಂತು. ಇದೇ ಸಮಯವೆಂದು ಫೋನ್ ತೆಗೆದು ಮಾಡ್ಯೂಲನ್ನೇ ಕಿತ್ತುಹಾಕಿದಳು. ಟೀವಿಯಲ್ಲಿ ಎಲ್ಲರೂ ಒಟ್ಟಿಗೆ ವಾಪಸ್ ಬಂದರು: ಬಸ್ ನಿಲ್ದಾಣ, ಮಳೆ, ಒಂದೇ ಕೊಡೆಯಡಿ ಅತ್ತೆ, ನಾದಿನಿ, ಹಿಂದೆ ಗಂಡಸರು.

ಎಲ್ಲರೂ ಟೀವಿಯತ್ತ ತಿರುಗಿದರು.

“ಆ ಕೊಡೆ ನನ್ನದಲ್ವಾ?” ಎಂದಳು ಮಾವನ ತಂಗಿ.

“ನಿನ್ನದಾಗಿದ್ರೆ ನನ್ನ ಕೈಯಲ್ಲಿ ಯಾಕಿರುತ್ತೆ?”

“ಅದನ್ನೇ ನಾನೂ ಕೇಳ್ತಿರೋದು.”

ದೊಡ್ಡಪ್ಪ ತಂಗಿಯ ಪರ ಬಾಯಿ ಹಾಕಿದರು, ಚಿಕ್ಕಮ್ಮ ಅತ್ತೆಯ ಪರ. ಕುರ್ಚಿಗಳು ಒಂದೊಂದಾಗಿ ಗೋಡೆಯ ಕಡೆ ಸರಿಯತೊಡಗಿದವು. ಮಾವ ಸೊಸೆಯ ಕಡೆ ಬಾಗಿ, ಬೇರೆಯವರಿಗೆ ಕೇಳಿಸದಂತೆ ಹೇಳಿದರು:

“ನಾವೆಲ್ಲ ಬೇಡಮ್ಮ. ಆ ಮೇಜು ಕುರ್ಚೀನೇ ಹಾಕು.”