ವಾಹನವಿಲ್ಲದ ಬೀದಿ

ಎಡಪ್ಪಾಡಿಯ ನೇಕಾರರ ಬೀದಿಯ ತಿರುವಿನಲ್ಲಿ ಅರವತ್ತು ಸೈಕಲ್ಲುಗಳು ಗಕ್ಕನೆ ನಿಂತವು. ಮುಂದೆ, ಈ ಕೊನೆಯಿಂದ ಆ ಕೊನೆಗೆ, ಪಾವು ಹರಡಿತ್ತು. ಮಗ್ಗಕ್ಕೇರಬೇಕಾದ ಸಾವಿರಾರು ಎಳೆ ನೂಲು, ಗಂಜಿಯಲ್ಲಿ ತೊಯ್ದದ್ದು. ಅಣ್ಣಾಮಲೈ ಅದರ ಮೇಲೆ ದೊಡ್ಡ ಬ್ರಷ್ ಎಳೆಯುತ್ತಿದ್ದ; ಹೆಂಡತಿ ರಂಗನಾಯಕಿ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು.

ಮುಂದಿನ ಸೈಕಲ್ಲಿನಿಂದ ಜೀವಿತಾ ಇಳಿದು ಓಡಿಬಂದಳು. ಪಕ್ಕದ ಬೀದಿಯ ಹುಡುಗಿ. ಭಾನುವಾರ ಬೆಳಗ್ಗೆ ಈ ಬೀದಿಗೆ ವಾಹನ ಬೇಡ ಎಂದು ಮನೆಮನೆ ಅಲೆದು ಸಹಿ ಹಾಕಿಸಿ, ಆರು ತಿಂಗಳು ಪುರಸಭೆ ಆಫೀಸಿನ ಮೆಟ್ಟಿಲು ಸವೆಸಿ ಒಪ್ಪಿಗೆ ತಂದ ಪುಣ್ಯಾತಗಿತ್ತಿ ಇವಳೇ.

"ಅಯ್ಯೋ ಅತ್ತೆ, ಇದೇನಿದು! ಇವತ್ತು ಸೈಕಲ್ ರ‍್ಯಾಲಿ ಐತಲ್ಲ!"

"ಗಾಡಿ ಬರಲ್ಲ ಅಂತ ನೀನೇ ಅಲ್ವಾ ಯೋಳಿದ್ದು? ಮೊದಲ ಸಹಿ ನಂದೇ. ಅದುಕ್ಕೇ ಧೈರ್ಯವಾಗಿ ಎರಡು ಪಾವು ಒಟ್ಟಿಗೆ ಆಕಿದೀವಿ."

"ಗಾಡಿ ಬೇಡ ಅಂದಿದ್ದು ಜನ ಸೈಕಲ್‌ನಾಗೆ ಓಗ್ಲಿ ಅಂತ, ಅತ್ತೆ."

"ನಾನು ಪಾವಿಗೆ ಅಂದ್ಕೊಂಡೆ. ಈ ಬೀದಿನಾಗೆ ಬೆಳಗಿನೊತ್ತು ಬೇರೆ ಏನೈತೆ?"

ಹಿಂದೆ ಸೈಕಲ್ ಮೇಲಿದ್ದ ಮಕ್ಕಳು ಗಂಟೆ ಬಾರಿಸತೊಡಗಿದರು. ಎರಡು ಪಾವು ಅಕ್ಕಪಕ್ಕ ಹಾಕಿದ್ದರಿಂದ ನಡೆದು ಹೋಗಲೂ ಜಾಗವಿರಲಿಲ್ಲ.

"ಐದೇ ನಿಮಿಷ ಎತ್ತಿ ಇಡ್ತೀರಾ?"

"ಎತ್ತೋದಾ!" ಅಣ್ಣಾಮಲೈ ಬ್ರಷ್ ನಿಲ್ಲಿಸದೆಯೇ ಗದರಿದ. "ಗಂಜಿ ಒಣಗಿದ್ರೆ ಎಳೆಗೆ ಎಳೆ ಅಂಟ್ಕೊತೈತೆ. ಎರಡು ತಿಂಗಳ ನೇಯ್ಗೆ ಮಣ್ಣಾಗ್ತೈತೆ."

ಜೀವಿತಾ ಒಮ್ಮೆ ಪಾವಿನತ್ತ, ಒಮ್ಮೆ ಹಿಂದಿನ ಸಾಲಿನತ್ತ ನೋಡಿದಳು. ಮುಂದೆ ಹೋದರೆ ಮೊದಲ ಸಹಿ ಹಾಕಿದವಳ ಹೊಟ್ಟೆಯ ಮೇಲೆ ಸೈಕಲ್ ಹತ್ತಿಸಿದ ಹಾಗೆ. ಹಿಂದಿರುಗಿದರೆ ಇರುವುದು ಶಂಕಗಿರಿ ರಸ್ತೆಯೊಂದೇ. ಅಲ್ಲಿ ಲಾರಿಗಳ ಸಾಲು. ತಾಯಂದಿರು ಅವಳನ್ನು ನಂಬಿ ಮಕ್ಕಳನ್ನು ಕಳಿಸಿದ್ದರು. ಇಬ್ಬರದೂ ಸರಿಯಾದರೆ ತಪ್ಪು ಯಾರದು? ಅವಳಿಗೆ ತಿಳಿಯಲಿಲ್ಲ.

"ಇಳೀರಿ ಎಲ್ಲರೂ," ಎಂದಳು ಕೊನೆಗೆ. "ಮುಗಿಯೋವರೆಗೂ ಕಾಯಾಣ."

ಮಕ್ಕಳು ಗೊಣಗುತ್ತ ಜಗಲಿಗಳ ಮೇಲೆ ಕುಳಿತರು. ಜೀವಿತಾಳ ಕಣ್ಣಲ್ಲಿ ನೀರು ಕಂಡು ರಂಗನಾಯಕಿ ಗಂಟು ಹಾಕುತ್ತಲೇ ಹತ್ತಿರ ಸರಿದಳು.

"ಅಳಬೇಡ, ಮಗಾ. ಮುಂದಿನ ಭಾನುವಾರ ಗಾಡಿಗಳ್ನೇ ಬಿಟ್ಬಿಡು. ಆ ಆಟೋದೋರು ಪಾವು ಕಂಡ್ರೆ, ಬೈಕೊಂಡಾದ್ರೂ ಶಂಕಗಿರಿ ರಸ್ತೆನಾಗೆ ಸುತ್ತಾಕ್ಕೊಂಡು ಓಗ್ತಾರೆ."