ಹೊಸಬರಿಗೆ ಹಗುರದ ಆಟ

ಪಾಸ್‌ಪೋರ್ಟ್ ಕಸಿದು, ಪರದೇಶದ ಈ ಕೋಣೆಯಲ್ಲಿ ನನ್ನನ್ನು ಕೂಡಿಹಾಕಿದವನು ನಮ್ಮೂರಿನ ಗದಿಗೆಪ್ಪಣ್ಣನೇ. 'ರಜನಿ' ಎಂಬ ಹೆಸರಿನಲ್ಲಿ ಚಾಟ್ ಮಾಡಿ, ಆನ್‌ಲೈನ್ ಕ್ಯಾಸಿನೋಗೆ ಜನರನ್ನು ಎಳೆಯುವುದು ನನ್ನ ಕೆಲಸ.

"ಹೊಸಬರಿಗೆ ರೂಲೆಟ್ ಚಕ್ರದಾಟ ಹಗುರ ಅನ್ನು. ಕೆಂಪು ಇಲ್ಲಾ ಕಪ್ಪು, ಅಷ್ಟ," ಎಂದು ಹೇಳಿ, ಹೊರಗಿನಿಂದ ಬೀಗ ಜಡಿದು ಹೋದ.

ಪರದೆಯ ಮೇಲೆ ಹೆಂಗಸೊಬ್ಬಳ ಹೆಸರಿನಿಂದ ಸಂದೇಶ ಬಂತು: "ತಂಗೀ, ಯಾವ ಆಟ ಹಗುರ ಐತಿ? ಮಗಳ ಫೀ ರೊಕ್ಕ ಹಾಕಾಕತ್ತೀನಿ, ಸೋಲಬಾರದವ್ವ."

ನಮ್ಮ ಕಡೆಯ ಮಾತು. ಅವ್ವನೇ ಎದುರು ಕೂತು ಕೇಳಿದಂತಾಯಿತು.

"ಯಾವುದೂ ಆಡಬ್ಯಾಡ ಅಕ್ಕಾ, ಎಲ್ಲಾ ಮೋಸ. ನನ್ನ ಇಲ್ಲಿ ಕೂಡಿಹಾಕ್ಯಾರ. ಪೊಲೀಸರಿಗೆ ಹೇಳು," ಎಂದು ಬರೆದು ಕಳಿಸಿದೆ.

ಬೀಗ ತೆಗೆದ ಸದ್ದಾಯಿತು.

"ಪೊಲೀಸರಿಗೆ ಏನಂತ ಹೇಳಲಿ, ತಂಗೀ?" ಎನ್ನುತ್ತ, ಅದೇ ಚಾಟ್ ತೆರೆದಿದ್ದ ಫೋನ್ ಹಿಡಿದು ಗದಿಗೆಪ್ಪಣ್ಣ ಒಳಗೆ ಬಂದ.