ಸಿಡಿಲನ್ನು ಸಾಗಹಾಕಿದ ದಿನ

ದೊಡ್ಡಮ್ಮ ಸ್ನಾನದ ಮನೆಯ ಬಾಗಿಲು ತಳ್ಳುವಷ್ಟರಲ್ಲಿ ಸಿಡಿಲು ಎಂಬ ಹುಡುಗಿ ಬೆಣ್ಣೆ ಎಂಬವಳ ಎದೆಯ ಮೇಲೆ ಏರಿ ಕೂತಾಗಿತ್ತು. ಒಂದು ಕೈಯಲ್ಲಿ ಅವಳ ಮಣಿಕಟ್ಟನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು. ಇನ್ನೊಂದು ಮುಷ್ಟಿಯಲ್ಲಿ ಕನ್ನಡಿಯ ಚೂರು. ರಕ್ತ ಸಿಡಿಲಿನ ಮೊಣಕೈವರೆಗೂ ಇಳಿದಿತ್ತು.

"ಬಿಡೇ ರಾಕ್ಷಸಿ!" ಅಡುಗೆಯಕ್ಕ ಜಡೆ ಹಿಡಿದು ಎಳೆದಳು. ಸಿಡಿಲು ಅವಳ ಕೈಯನ್ನೇ ಕಚ್ಚಿದಳು. ಬಿಡಿಸಲು ಮೂವರು ಬೇಕಾಯಿತು. ಬೆಣ್ಣೆ ಎದ್ದು, ಅಂಗಿಯ ತೋಳನ್ನು ಕೆಳಗೆಳೆದುಕೊಂಡು ಗೋಡೆಗೆ ಒರಗಿದಳು. ಅಳಲಿಲ್ಲ.

ದಿಕ್ಕಿಲ್ಲದ ನಲವತ್ತು ಹೆಣ್ಣುಮಕ್ಕಳ ಆ ನಿಲಯದಲ್ಲಿ ಅಡ್ಡಹೆಸರು ಇಡುವವರು ಮಕ್ಕಳೇ. ಹದಿನಾಲ್ಕರ ಸಿಡಿಲು ಹೋದಲ್ಲೆಲ್ಲ ಏನಾದರೊಂದು ಒಡೆಯುತ್ತಿತ್ತು. ಹದಿಮೂರರ ಬೆಣ್ಣೆ ಎದುರಾಡಿದ್ದನ್ನು ಕಂಡವರಿಲ್ಲ. ಮೇಲ್ವಿಚಾರಕಿ ದೊಡ್ಡಮ್ಮ ಇಪ್ಪತ್ತು ವರ್ಷದಿಂದ ಒಂದು ಪುಸ್ತಕ ಇಟ್ಟಿದ್ದರು: ಗಲಾಟೆ ಮಾಡಿದವರು ಯಾರು, ಹಾಳಾದದ್ದು ಏನು. ಅದರಲ್ಲಿ ಹೆಸರು ಬಂದ ಮಗುವನ್ನಷ್ಟೇ ತಿಂಗಳಿಗೊಮ್ಮೆ ಬರುವ ಮನೋವೈದ್ಯರಿಗೆ ತೋರಿಸುವುದು ಅಲ್ಲಿನ ವಾಡಿಕೆ. ಬೆಣ್ಣೆಯ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅಂಥ ಮಗುವನ್ನು ಮಡಿಲಿಗೆ ಹಾಕಿದ್ದಕ್ಕೆ ದೊಡ್ಡಮ್ಮ ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿಯುತ್ತಿದ್ದರು.

ಸಿಡಿಲಿನ ಹೆಸರಲ್ಲಿ ಎರಡು ಪುಟ ತುಂಬಿತ್ತು. ಔಷಧದ ಕಪಾಟಿನೆದುರು ಬೆಣ್ಣೆಯ ಕೆನ್ನೆಗೆ ಬಾರಿಸಿ, ಮಾತ್ರೆಗಳನ್ನೆಲ್ಲ ಚರಂಡಿಗೆ ಸುರಿದದ್ದು. ತಾರಸಿಯಿಂದ ಬೆಣ್ಣೆಯನ್ನು ಮೆಟ್ಟಿಲುಗಳ ಮೇಲೆ ದರದರ ಎಳೆದು ತಂದದ್ದು. ಈಗ ಇದು.

"ಆ ಬಡಪಾಯಿ ನಿನಗೇನು ಮಾಡಿದ್ಲೇ?" ಸಿಡಿಲಿನ ಅಂಗೈಯ ಗಾಯಕ್ಕೆ ಬಟ್ಟೆ ಕಟ್ಟುತ್ತ ದೊಡ್ಡಮ್ಮ ಕೇಳಿದರು.

"ಏನೂ ಮಾಡಿಲ್ಲ."

"ಮತ್ತೆ ಯಾಕೆ ಅವಳ ಬೆನ್ನು ಬಿದ್ದಿದೀಯ?"

ಸಿಡಿಲು ನೆಲ ನೋಡಿದಳು. "ಹೇಳಲ್ಲ. ಆಣೆ ಹಾಕಿದೀನಿ."

"ಆಣೆಯಂತೆ ಆಣೆ!" ಕಚ್ಚಿಸಿಕೊಂಡ ಕೈಯನ್ನು ಊದಿಕೊಳ್ಳುತ್ತ ಅಡುಗೆಯಕ್ಕ ಮೂದಲಿಸಿದಳು. "ಕಚ್ಚೋ ಹಲ್ಲಿಗಿಲ್ಲದ ನಿಯತ್ತು ನಾಲಿಗೆಗಿದೆಯಾ ನಿಂಗೆ?"

ದೊಡ್ಡಮ್ಮ ನಗಲಿಲ್ಲ. ಮುಂದಿನ ಸಲ ಬೆಣ್ಣೆಯ ಜೀವ ಉಳಿಯಲಿಕ್ಕಿಲ್ಲ ಎಂಬುದೊಂದೇ ಅವರ ತಲೆ ಕೊರೆಯುತ್ತಿತ್ತು. ಪುಂಡ ಮಕ್ಕಳನ್ನು ಬೀಗದೊಳಗಿಡುವ ಇನ್ನೊಂದು ನಿಲಯಕ್ಕೆ ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂತು.

ಸಿಡಿಲು ಅವರ ಕಾಲು ಹಿಡಿದಳು. "ಹೊಡೀರಿ ದೊಡ್ಡಮ್ಮ, ಎಷ್ಟು ಬೇಕಾದ್ರೂ ಹೊಡೀರಿ. ಇಲ್ಲೇ ಇಟ್ಕೊಳ್ಳಿ. ಅವಳ ಪಕ್ಕದ ಮಂಚಾನ ನಂಗೇ ಬಿಡಿ."

"ಇಷ್ಟಾದ್ರೂ ಅವಳ ಪಕ್ಕಾನೇ ಬೇಕಾ ನಿಂಗೆ?"

ದೊಡ್ಡಮ್ಮ ಕಾಲು ಬಿಡಿಸಿಕೊಂಡರು. ಕಾವಲಿನವರಿಬ್ಬರು ಅವಳನ್ನು ಎತ್ತಿಕೊಂಡೇ ಹೋದರು. ಅವಳು ಒದ್ದಳು, ಪರಚಿದಳು, ಗಾಡಿಯ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಯಾರೋ ತೋಳು ತಿರುಚಿದರು. ಬಾಗಿಲು ಮುಚ್ಚಿತು.

ಗಾಡಿ ಗೇಟಿನ ಹತ್ತಿರ ಬರುವಾಗ ಕಲ್ಲೊಂದು ರಭಸದಿಂದ ಬಂದು ಮುಂದಿನ ಗಾಜನ್ನು ಪುಡಿಮಾಡಿತು.

ಎಸೆದವಳು ಬೆಣ್ಣೆ. ಬರಿಗಾಲಲ್ಲಿ ದಾರಿಗಡ್ಡ ನಿಂತು ಎರಡನೆಯ ಕಲ್ಲನ್ನು ಎತ್ತಿದ್ದಳು. ದೊಡ್ಡಮ್ಮ ಓಡಿಹೋಗಿ ಅವಳನ್ನು ಬಿಗಿಯಾಗಿ ತಬ್ಬಿದರು.

"ಸಿಟ್ಟು ಬೇಡ ಮಗೂ. ಹೋದಳಲ್ಲ, ಬಿಡು. ಇನ್ಮೇಲೆ ಯಾರೂ ನಿನ್ನ ತಂಟೆಗೆ ಬರಲ್ಲ."

"ನಾನು ಸಾಯೋಕೆ ಹೋದಾಗೆಲ್ಲ ಬಂದು ತಡೆದೋಳು ಅವಳೊಬ್ಬಳೇ, ದೊಡ್ಡಮ್ಮ!"